ಬಿಳಿ ಬೆಳಕನ್ನು ಬಿಡಿಸಿ ನೋಡುವುದು: ಮನೆಯಲ್ಲೇ ರೋಹಿತದ ಫೋಟೋ

ಸೀರೆ ಅಂಗಡಿಗೆ ಹೋದವರು ಸೆರಗನ್ನು ಹಿಡಿದುಕೊಂಡು ಬಾಗಿಲ ತನಕ ಬಂದು ಬಿಸಿಲಿಗೆ ಒಡ್ಡಿ ನೋಡುವುದು ಹಳೆಯ ರೂಢಿ. ಒಳಗಿನ ದೀಪದಡಿ ಒಂದು ಬಗೆಯಾಗಿ ಕಂಡ ಕೆಂಪು ಹೊರಗೆ ಇನ್ನೊಂದು ಬಗೆಯಾಗಿ ಕಂಡೀತು ಎಂಬುದು ಅನುಭವದಿಂದ ಬಂದ ಎಚ್ಚರಿಕೆ. ವಿಚಿತ್ರವೆಂದರೆ, ಅಂಗಡಿಯ ದೀಪದ ಬೆಳಕೂ ಬಿಳಿ, ಹೊರಗಿನ ಬಿಸಿಲೂ ಬಿಳಿ. ಎರಡು ಬಿಳಿಗಳ ನಡುವೆ ಇರುವ ವ್ಯತ್ಯಾಸ ಏನೆಂಬ ಪ್ರಶ್ನೆ ಈಗ ಮನೆಯೊಳಗೂ ಬಂದಿದೆ. ಬಲ್ಬಿನ ಪೆಟ್ಟಿಗೆಯ ಮೇಲೆ ‘ವಾರ್ಮ್ ವೈಟ್’, ‘6500 ಕೆ’, ‘ಸಿಆರ್‌ಐ 80’ ಎಂಬ ಬರಹಗಳಿರುತ್ತವೆ. ಬೀದಿಯಲ್ಲಿ ಹಳದಿ ಸೋಡಿಯಂ ದೀಪಗಳಿದ್ದ ಕಂಬಗಳಿಗೆ ಎಲ್‌ಇಡಿ ದೀಪಗಳು ಏರುತ್ತಿವೆ. ಸಿಎಫ್‌ಎಲ್ ಬಲ್ಬುಗಳು ಅಟ್ಟ ಸೇರಿವೆ.

ಈ ದೀಪಗಳ ಬೆಳಕನ್ನು ಬಿಡಿಸಿ ನೋಡಲು ಪ್ರಯೋಗಶಾಲೆ ಬೇಕಿಲ್ಲ. ವಿವರ್ತನ ಗ್ರೇಟಿಂಗ್ ಎಂಬ ಪಾರದರ್ಶಕ ಹಾಳೆಯ ಒಂದು ತುಂಡು, ಒಂದು ಚಪ್ಪಲಿ ಡಬ್ಬಿ ಮತ್ತು ಕೈಯಲ್ಲಿರುವ ಫೋನು ಸಾಕು. ನೋಡುವುದಷ್ಟೇ ಅಲ್ಲದೆ ಫೋಟೋ ತೆಗೆದರೆ, ಆ ಫೋಟೋದ ಮೇಲೆ ಅಳತೆ ಮಾಡಿ, ಉರಿಯುತ್ತಿರುವುದು ಯಾವ ಧಾತು ಎಂದೂ ಹೇಳಬಹುದು.

ರೋಹಿತ ಎಂದರೆ

ಬೆಳಕು ಅಲೆಯಾಗಿ ಸಾಗುತ್ತದೆ. ಕೆರೆಯ ನೀರಿನಲ್ಲಿ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಎಷ್ಟು ದೂರವೋ ಅದು ಆ ಅಲೆಯ ತರಂಗದೂರ. ಬೆಳಕಿನ ತರಂಗದೂರ ತೀರ ಚಿಕ್ಕದಾದ್ದರಿಂದ ಅದನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗವೇ ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ವರೆಗಿನ ಬೆಳಕು ಮಾತ್ರ. 400ರ ಬಳಿ ನೇರಳೆ, 700ರ ಬಳಿ ಕೆಂಪು, ನಡುವೆ ಉಳಿದ ಬಣ್ಣಗಳು. ಒಂದು ಬೆಳಕಿನಲ್ಲಿ ಯಾವ ಯಾವ ತರಂಗದೂರಗಳು ಎಷ್ಟೆಷ್ಟು ಪ್ರಮಾಣದಲ್ಲಿವೆ ಎಂಬುದನ್ನು ಸಾಲಾಗಿ ಹರಡಿ ತೋರಿಸಿದರೆ ಅದು ಆ ಬೆಳಕಿನ ರೋಹಿತ.

ಹೀಗೆ ಹರಡಿ ನೋಡುವ ಅಗತ್ಯ ಏಕೆ ಬೀಳುತ್ತದೆ ಎಂದರೆ ಕಣ್ಣು ಈ ಕೆಲಸದಲ್ಲಿ ಕಿವಿಯಷ್ಟು ಜಾಣನಲ್ಲ. ಕಛೇರಿಯಲ್ಲಿ ಪಿಟೀಲು, ಮೃದಂಗ, ತಂಬೂರಿ ಒಟ್ಟಿಗೆ ನುಡಿದರೂ ಕಿವಿ ಒಂದೊಂದನ್ನೂ ಬೇರೆಯಾಗಿ ಕೇಳಿಸಿಕೊಳ್ಳುತ್ತದೆ. ಕಣ್ಣಿನ ಮುಂದೆ ಕೆಂಪು ಮತ್ತು ಹಸಿರು ಬೆಳಕನ್ನು ಬೆರೆಸಿ ಹಿಡಿದರೆ ಅದು ‘ಹಳದಿ’ ಎನ್ನುತ್ತದೆ. ಶುದ್ಧ ಹಳದಿ ಬೆಳಕನ್ನು ಹಿಡಿದರೂ ಅದೇ ‘ಹಳದಿ’. ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕೋಶಗಳು ಮೂರೇ ಬಗೆಯವಾದ್ದರಿಂದ ಅದರ ಲೆಕ್ಕ ಮೂರು ಮೊತ್ತಗಳಲ್ಲಿ ಮುಗಿಯುತ್ತದೆ. ಎರಡು ಬಲ್ಬುಗಳು ಒಂದೇ ಬಗೆಯ ಬಿಳಿಯಾಗಿ ಕಂಡೂ ಒಳಗೆ ಬೇರೆ ಬೇರೆಯಾಗಿರುವುದು ಇದರಿಂದಲೇ. ಸೀರೆಯ ಕೆಂಪು ನೂಲು ಕೆಂಪು ಬೆಳಕನ್ನು ಹಿಂದಿರುಗಿಸಬಲ್ಲದು, ಆದರೆ ದೀಪದಲ್ಲಿ ಅಂಥ ಕೆಂಪೇ ಕಡಿಮೆಯಿದ್ದರೆ ಅದು ಹಿಂದಿರುಗಿಸುವುದಾದರೂ ಏನನ್ನು? ಸಿಆರ್‌ಐ ಎಂಬ ಸಂಖ್ಯೆ ಸೂಚಿಸುವುದು ಇದನ್ನೇ: ಆ ದೀಪದಡಿ ವಸ್ತುಗಳ ಬಣ್ಣ ಎಷ್ಟರ ಮಟ್ಟಿಗೆ ಸಹಜವಾಗಿ ಕಾಣುತ್ತದೆ ಎಂಬುದರ ಅಂದಾಜು ಅದು, ಗರಿಷ್ಠ 100.

ಗೆರೆಗಳ ಹಾಳೆ ಬೆಳಕನ್ನು ಬಿಡಿಸುವ ಬಗೆ

ಶಾಲೆಯಲ್ಲಿ ಬೆಳಕನ್ನು ಬಿಡಿಸಿ ತೋರಿಸಿದ್ದು ಗಾಜಿನ ಪಟ್ಟಕ. ಗ್ರೇಟಿಂಗ್ ಅದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತದೆ. ಅದು ಒತ್ತೊತ್ತಾಗಿ, ಸಮಾನ ಅಂತರದಲ್ಲಿ ಗೆರೆಗಳಿರುವ ಹಾಳೆ. ಸಾಮಾನ್ಯವಾಗಿ ಸಿಗುವ ಹಾಳೆಗಳಲ್ಲಿ ಒಂದು ಮಿಲಿಮೀಟರಿಗೆ 500 ಅಥವಾ 1000 ಗೆರೆಗಳಿರುತ್ತವೆ. 1000 ಗೆರೆಗಳ ಹಾಳೆಯಲ್ಲಿ ನಮ್ಮ ಒಂದು ತಲೆಗೂದಲಿನ ಅಗಲದೊಳಗೆ ಎಪ್ಪತ್ತರಷ್ಟು ಗೆರೆಗಳು ಕೂರುತ್ತವೆ ಎಂದರೆ ಅದರ ಸೂಕ್ಷ್ಮತೆ ಅಂದಾಜಿಗೆ ಬಂದೀತು.

ಇಷ್ಟು ಕಿರಿದಾದ ಸಂದುಗಳ ಮೂಲಕ ಹಾಯುವಾಗ ಬೆಳಕಿನ ಅಲೆ ನೇರವಾಗಿ ಮುಂದೆ ಹೋಗದೆ ಎಲ್ಲ ದಿಕ್ಕಿಗೂ ಹರಡುತ್ತದೆ; ಇದೇ ವಿವರ್ತನೆ. ಸಾವಿರಾರು ಸಂದುಗಳಿಂದ ಹರಡಿದ ಅಲೆಗಳು ಒಂದರ ಮೇಲೊಂದು ಬಿದ್ದಾಗ ಆಗುವುದನ್ನು ನಾಗರಪಂಚಮಿಯ ಜೋಕಾಲಿಗೆ ಹೋಲಿಸಬಹುದು. ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ತಳ್ಳುತ್ತ ಹೋದರೆ ಪ್ರತಿಯೊಂದು ತಳ್ಳುವಿಕೆಯೂ ಹಿಂದಿನದಕ್ಕೆ ಕೂಡಿಕೊಂಡು ಅದು ಮೇಲೇರುತ್ತದೆ. ಹೊತ್ತು ತಪ್ಪಿಸಿ ತಳ್ಳಿದರೆ ಒಂದು ತಳ್ಳಿದ್ದನ್ನು ಇನ್ನೊಂದು ಅಳಿಸಿಹಾಕಿ ಜೋಕಾಲಿ ನಿಂತುಬಿಡುತ್ತದೆ. ಗ್ರೇಟಿಂಗಿನಿಂದ ಒಂದು ನಿರ್ದಿಷ್ಟ ಕೋನದಲ್ಲಿ ಹೊರಟ ಅಲೆಗಳ ಪೈಕಿ, ಪಕ್ಕದ ಸಂದಿನಿಂದ ಬಂದ ಅಲೆ ಸರಿಯಾಗಿ ಒಂದು ತರಂಗದೂರದಷ್ಟು ಹಿಂದೆ ಬಿದ್ದಿದ್ದರೆ ಎಲ್ಲವೂ ಹೊತ್ತಿಗೆ ಸರಿಯಾಗಿ ಕೂಡಿಕೊಂಡು ಬೆಳಕು ಪ್ರಖರವಾಗುತ್ತದೆ. ಉಳಿದ ಕೋನಗಳಲ್ಲಿ ಅಲೆಗಳು ಒಂದನ್ನೊಂದು ಅಳಿಸಿ ಕತ್ತಲಾಗುತ್ತದೆ. ಕೆಂಪಿನ ತರಂಗದೂರ ಉದ್ದ, ಆದ್ದರಿಂದ ಅದು ಕೂಡಿಕೊಳ್ಳಲು ಹೆಚ್ಚು ಓರೆಯಾದ ಕೋನ ಬೇಕು. ನೇರಳೆಗೆ ಕಡಿಮೆ ಕೋನ ಸಾಕು. 1000 ಗೆರೆಗಳ ಹಾಳೆಯಲ್ಲಿ 400 ನ್ಯಾನೋಮೀಟರಿನ ನೇರಳೆ ಸುಮಾರು 24 ಡಿಗ್ರಿಗೆ ಬಾಗಿದರೆ 700ರ ಕೆಂಪು 44 ಡಿಗ್ರಿಗೆ ಬಾಗುತ್ತದೆ. ಪಟ್ಟಕದಲ್ಲಿ ಹೆಚ್ಚು ಬಾಗುವುದು ನೇರಳೆ. ಇಲ್ಲಿ ಕ್ರಮ ತಿರುಗುಮುರುಗು.

ರಾತ್ರಿ ಮಡಚುವ ಛತ್ರಿಯ ಬಟ್ಟೆಯ ಮೂಲಕ ದೂರದ ಬೀದಿದೀಪವನ್ನು ನೋಡಿದವರು ದೀಪದ ಸುತ್ತ ಅಡ್ಡ ಉದ್ದ ಸಾಲಾಗಿ ಬಣ್ಣದ ಅಂಚಿನ ಚುಕ್ಕಿಗಳನ್ನು ಕಂಡಿರಬಹುದು. ಅದೂ ವಿವರ್ತನೆಯೇ, ಬಟ್ಟೆಯ ನೂಲುಗಳೇ ಗೆರೆಗಳು. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1673ರಲ್ಲಿ ಹಕ್ಕಿಯ ಗರಿಯ ಮೂಲಕ ಬಿಸಿಲನ್ನು ಹಾಯಿಸಿ ಇದನ್ನು ಗಮನಿಸಿದ್ದರು.

ಪೆಟ್ಟಿಗೆ ಕಟ್ಟುವುದು

ಗ್ರೇಟಿಂಗ್ ಹಾಳೆಯನ್ನು ಫೋನಿನ ಲೆನ್ಸಿಗೆ ಅಂಟಿಸಿ ದೀಪದತ್ತ ಹಿಡಿದರೆ ಬಣ್ಣವೇನೋ ಬರುತ್ತದೆ, ಆದರೆ ಬಲ್ಬಿನ ಆಕಾರದ ಬಣ್ಣದ ಉಂಡೆಗಳು ಒಂದರ ಮೇಲೊಂದು ಹರಡಿಕೊಂಡು ಯಾವುದೂ ಸ್ಪಷ್ಟವಾಗುವುದಿಲ್ಲ. ಪ್ರತಿಯೊಂದು ತರಂಗದೂರದಲ್ಲಿಯೂ ಬೆಳಕಿನ ಮೂಲದ ಒಂದೊಂದು ಪ್ರತಿಬಿಂಬ ಮೂಡುವುದು ಇದಕ್ಕೆ ಕಾರಣ. ಮೂಲವೇ ತೆಳ್ಳಗಿನ ಗೆರೆಯಾದರೆ ಪ್ರತಿಬಿಂಬಗಳೂ ಗೆರೆಗಳಾಗಿ ಬೇರೆ ಬೇರೆ ನಿಲ್ಲುತ್ತವೆ. ಆ ತೆಳ್ಳಗಿನ ಮೂಲವನ್ನು ಒದಗಿಸುವುದು ಸೀಳುಕಂಡಿ, ಅಂದರೆ ಬೆಳಕು ಒಳಬರುವ ಕಿರಿದಾದ ಸಂದು.

ಮೂವತ್ತು ಸೆಂಟಿಮೀಟರ್ ಉದ್ದದ ಡಬ್ಬಿಯ ಒಂದು ತುದಿಯಲ್ಲಿ ರಂಧ್ರ ಕೊರೆದು, ಅದರ ಮೇಲೆ ಎರಡು ಹೊಸ ಶೇವಿಂಗ್ ಬ್ಲೇಡುಗಳನ್ನು ಅಲಗಿಗೆ ಅಲಗು ಎದುರಾಗಿ, ನಡುವೆ ಎರಡು ಕಾಗದದ ದಪ್ಪದಷ್ಟು ಸಂದು ಬಿಟ್ಟು ಅಂಟಿಸಬೇಕು. ಸಂದು ಸಮಾನವಾಗಿರಲು ಎರಡು ಮಡಿಕೆ ಕಾಗದವನ್ನು ನಡುವೆ ಇಟ್ಟು, ಬ್ಲೇಡುಗಳನ್ನು ಅದಕ್ಕೆ ಒತ್ತಿ, ಟೇಪು ಹಾಕಿದ ಮೇಲೆ ಕಾಗದವನ್ನು ಎಳೆದುಬಿಡುವುದು ಸುಲಭದ ದಾರಿ. ಇನ್ನೊಂದು ತುದಿಯಲ್ಲಿ ಲೆನ್ಸಿನಷ್ಟೇ ದೊಡ್ಡ ರಂಧ್ರ, ಅದರ ಒಳಬದಿಗೆ ಗ್ರೇಟಿಂಗ್. ಗ್ರೇಟಿಂಗಿನ ಗೆರೆಗಳು ಸೀಳುಕಂಡಿಗೆ ಸಮಾಂತರವಾಗಿರಬೇಕು. ಗೆರೆಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಹಾಳೆಯನ್ನು ಕೈಯಲ್ಲಿ ತಿರುಗಿಸುತ್ತ ಬಣ್ಣದ ಪಟ್ಟಿ ಸೀಳುಕಂಡಿಯ ಎಡಬಲಕ್ಕೆ ಸರಿಯಾಗಿ ಅಡ್ಡಲಾಗಿ ಹರಡುವ ಸ್ಥಿತಿಯಲ್ಲಿ ಅಂಟಿಸಿದರಾಯಿತು. ನಾನು ಮೊದಲ ಸಲ ಇದನ್ನು ಗಮನಿಸದೆ ಅಡ್ಡಡ್ಡ ಅಂಟಿಸಿ, ಪಟ್ಟಿ ಮೇಲಕ್ಕೂ ಕೆಳಕ್ಕೂ ಎಳೆದುಕೊಂಡು ಎಲ್ಲ ಬಣ್ಣಗಳೂ ಒಂದರೊಳಗೊಂದು ಬೆರೆತುಹೋದಾಗ, ಹಾಳೆಯೇ ಕೆಟ್ಟದ್ದೆಂದು ಭಾವಿಸಿ ಒಂದು ಸಂಜೆ ಕಳೆದಿದ್ದೆ. ಡಬ್ಬಿಯ ಒಳಮೈಗೆ ಕಪ್ಪು ಕಾಗದ ಹಚ್ಚಿದರೆ ಅಡ್ಡಾದಿಡ್ಡಿ ಪ್ರತಿಫಲನ ನಿಲ್ಲುತ್ತದೆ. 500 ಗೆರೆಗಳ ಹಾಳೆಯಾದರೆ ಫೋನನ್ನು ನೇರವಾಗಿಯೇ ಇಡಬಹುದು. 1000 ಗೆರೆಗಳದ್ದಾದರೆ ಕೆಂಪಿನ ತುದಿ ಚೌಕಟ್ಟಿನಿಂದ ಹೊರಬೀಳದಂತೆ ಫೋನನ್ನು ಸುಮಾರು 33 ಡಿಗ್ರಿ ಓರೆಯಾಗಿಸಬೇಕು.

ಹಾಳೆ ಸಿಗದಿದ್ದರೆ ಹಳೆಯ ಡಿವಿಡಿಯೂ ಆದೀತು. ಅದರ ಸುರುಳಿ ಗೆರೆಗಳ ನಡುವಿನ ಅಂತರ 0.74 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿಗೆ ಸುಮಾರು 1350 ಗೆರೆ, ಸಿಡಿಯಲ್ಲಿ 625. ಖಾಲಿ ಡಿವಿಡಿ ಎರಡು ಪದರವಾಗಿ ಬಿಚ್ಚಿಕೊಳ್ಳುತ್ತದೆ, ಪಾರದರ್ಶಕ ಪದರದ ಮೇಲಿನ ನೇರಳೆ ಬಣ್ಣ ಸ್ಪಿರಿಟ್ಟಿನಲ್ಲಿ ತೊಳೆದುಹೋಗುತ್ತದೆ. ಗೆರೆಗಳು ವೃತ್ತಾಕಾರವಾದ್ದರಿಂದ ರೋಹಿತ ಸ್ವಲ್ಪ ಬಾಗಿ ಬರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗ್ರೇಟಿಂಗ್, ಸಿಡಿ, ಡಿವಿಡಿ ಯಾವುದರ ಮೂಲಕವೂ ಸೂರ್ಯನನ್ನು ನೇರವಾಗಿ ನೋಡಬಾರದು, ಫೋನನ್ನೂ ಅತ್ತ ತಿರುಗಿಸಬಾರದು. ಬಿಸಿಲು ಬಿದ್ದ ಬಿಳಿ ಕಾಗದವೋ ಬೆಳ್ಳನೆಯ ಮೋಡವೋ ಸಾಕಷ್ಟು ಬೆಳಕು ಕೊಡುತ್ತದೆ.

ಫೋನಿನ ಜಾಣತನ ಅಡ್ಡಿಯಾಗುವ ಕಡೆ

ಫೋನಿನ ಕ್ಯಾಮೆರಾ ಚಿತ್ರವನ್ನು ಚೆಂದಗಾಣಿಸಲೆಂದು ತಾನಾಗಿ ಅನೇಕ ತಿದ್ದುಪಡಿ ಮಾಡುತ್ತದೆ. ರೋಹಿತದ ಫೋಟೋಗೆ ಅವೆಲ್ಲ ಕಿರುಕುಳ. ಕಪ್ಪು ಹಿನ್ನೆಲೆ ಕಂಡೊಡನೆ ಅದು ಕತ್ತಲೆಂದು ತಿಳಿದು ಬೆಳಕನ್ನು ಹೆಚ್ಚಿಸುತ್ತದೆ. ಹೊಳೆಯುವ ಹಸಿರು ಗೆರೆ ಉಕ್ಕಿ ಬಿಳಿ ಪಟ್ಟೆಯಾಗುತ್ತದೆ. ಆದ್ದರಿಂದ ‘ಪ್ರೊ’ ಎಂಬ ವಿಧಾನಕ್ಕೆ ಹೋಗಿ ಐಎಸ್‌ಒ 100ರಲ್ಲಿ, ವೈಟ್ ಬ್ಯಾಲೆನ್ಸ್ ಹಗಲು ಬೆಳಕಿನಲ್ಲಿ, ಫೋಕಸ್ ಸೀಳುಕಂಡಿಯ ಮೇಲೆ ಸ್ಥಿರವಾಗಿರುವಂತೆ ಹೊಂದಿಸಿ, ಎಚ್‌ಡಿಆರ್ ಮತ್ತು ನೈಟ್ ಮೋಡ್‌ಗಳನ್ನು ಆಫ್ ಮಾಡಬೇಕು. ಶಟರ್ ಹೊತ್ತನ್ನು ಮಾತ್ರ ಬದಲಿಸುತ್ತ ನಾಲ್ಕಾರು ಫೋಟೋ ತೆಗೆದು, ಯಾವುದರಲ್ಲಿ ಅತ್ಯಂತ ಹೊಳೆಯುವ ಗೆರೆಯೂ ಬಿಳಿಯಾಗಿಲ್ಲವೋ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ; ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೋ ಇಪ್ಪತ್ತೈದನೇ ಒಂದು ಭಾಗಕ್ಕೋ ಇಟ್ಟರೆ ಫೋಟೋದಲ್ಲಿ ಪಟ್ಟೆ ಬೀಳುವುದಿಲ್ಲ.

ಬಣ್ಣದ ವಿಷಯದಲ್ಲಿ ಫೋಟೋವನ್ನು ಪೂರ್ತಿ ನಂಬುವಂತಿಲ್ಲ. ಕ್ಯಾಮೆರಾದ ಸಂವೇದಕದ ಮೇಲಿರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಶೋಧಕಗಳು. ಹಳದಿ ಫೋಟೋದಲ್ಲಿ ತೀರ ಕಿರಿದಾಗಿಯೋ ಕಿತ್ತಳೆಯಾಗಿಯೋ ಬರುವುದು ಸಾಮಾನ್ಯ. ಗೆರೆಯ ಬಣ್ಣ ಹೇಗೇ ಬರಲಿ, ಅದು ನಿಂತಿರುವ ಜಾಗ ಬದಲಾಗುವುದಿಲ್ಲ. ಓದಬೇಕಾದದ್ದು ಆ ಜಾಗವನ್ನು.

ಯಾವ ದೀಪದಲ್ಲಿ ಏನು

ಹಳೆಯ ತಂತಿ ಬಲ್ಬಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲಿಯೂ ಕಡಿಯದ ಪಟ್ಟಿ ಕಾಣುತ್ತದೆ. ಕಾದ ಘನವಸ್ತುವಿನ ಬೆಳಕು ಹೀಗೆಯೇ ಅಖಂಡವಾಗಿರುತ್ತದೆ. ದೇವರ ಮುಂದಿನ ಎಣ್ಣೆದೀಪವೂ ಇದೇ ಜಾತಿಗೆ ಸೇರಿದ್ದು, ಏಕೆಂದರೆ ಅದರ ಹಳದಿ ಬೆಳಕು ಜ್ವಾಲೆಯೊಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು.

ಬಿಳಿ ಎಲ್‌ಇಡಿಯಲ್ಲಿ ಮೊದಲು 450 ನ್ಯಾನೋಮೀಟರ್ ಆಸುಪಾಸಿನಲ್ಲಿ ನೀಲಿಯ ಚೂಪಾದ ಗುಡ್ಡ, ನಂತರ 480ರ ಬಳಿ ತಗ್ಗು, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಅಗಲವಾದ ದಿಬ್ಬ. ಒಳಗಿರುವ ಚಿಪ್ ಹೊಮ್ಮಿಸುವುದು ನೀಲಿ ಮಾತ್ರ. ಅದರ ಮೇಲೆ ಬಳಿದ ಹಳದಿ ಪುಡಿ ಒಂದಿಷ್ಟು ನೀಲಿಯನ್ನು ಹೀರಿ ಉಳಿದ ಬಣ್ಣಗಳನ್ನು ಹೊರಬಿಡುತ್ತದೆ. ‘ವಾರ್ಮ್ ವೈಟ್’ ಬಲ್ಬನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ನೀಲಿಯ ಗುಡ್ಡ ತಗ್ಗಿ, ದಿಬ್ಬ ಕೆಂಪಿನ ಕಡೆ ವಾಲಿರುವುದು ಕಾಣುತ್ತದೆ. ಅಗ್ಗದ ಬಲ್ಬುಗಳಲ್ಲಿ ದಿಬ್ಬ ಕಡುಗೆಂಪನ್ನು ಮುಟ್ಟುವ ಮೊದಲೇ ಇಳಿದುಹೋಗಿರುತ್ತದೆ, ಸೀರೆಯ ಪ್ರಸಂಗದ ಮೂಲ ಇಲ್ಲಿದೆ.

ಸಿಎಫ್‌ಎಲ್‌ನದು ಬೇರೆಯೇ ನೋಟ: ಕಪ್ಪು ಹಿನ್ನೆಲೆಯಲ್ಲಿ ಬಿಡಿ ಬಿಡಿ ಗೆರೆಗಳು. 435.8ರಲ್ಲಿ ಪಾದರಸದ ನೀಲಿ ಗೆರೆ, 546.1ರಲ್ಲಿ ಅದರದೇ ಹಸಿರು ಗೆರೆ, 611.6ರ ಬಳಿ ಒಳಮೈಗೆ ಬಳಿದ ಪುಡಿಯಲ್ಲಿರುವ ಯುರೋಪಿಯಂ ಧಾತುವಿನ ಕೆಂಪು. ಅನಿಲ ರೂಪದ ಪರಮಾಣುಗಳು ತಮಗೆ ಒಗ್ಗಿದ ಕೆಲವೇ ತರಂಗದೂರಗಳಲ್ಲಿ ಬೆಳಕು ಬಿಡುತ್ತವೆ. ಪ್ರತಿಯೊಂದು ಧಾತುವಿನ ಗೆರೆಗಳ ಜೋಡಣೆ ಬೇರೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ಜರ್ಮನಿಯ ಬುನ್ಸೆನ್ ಮತ್ತು ಕಿರ್ಚಾಫ್ ಇದನ್ನು ಬಳಸಿಯೇ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಪತ್ತೆ ಮಾಡಿದರು. ಸಿಎಫ್‌ಎಲ್ ಅಟ್ಟದಲ್ಲಿದ್ದರೆ ಕೆಳಗಿಳಿಸಿಕೊಳ್ಳಿ, ಮುಂದೆ ಅಳತೆಗೋಲಾಗಿ ಅದೇ ಬೇಕು. ಒಡೆದರೆ ಮಾತ್ರ ಕಿಟಕಿ ತೆರೆದು ಹೊರಗೆ ಹೋಗಿ, ಒಳಗೆ ಪಾದರಸ ಇರುತ್ತದೆ.

ಹಳೆಯ ಸ್ವಿಚ್‌ಬೋರ್ಡಿನಲ್ಲಿ ಕಿತ್ತಳೆಯಾಗಿ ಮಿಣುಕುವ ಇಂಡಿಕೇಟರ್ ಕೂಡ ಒಳ್ಳೆಯ ವಸ್ತು. ಅದರೊಳಗಿರುವುದು ನಿಯಾನ್ ಅನಿಲ. ಹಳದಿಯಿಂದ ಕೆಂಪಿನವರೆಗೆ ಒತ್ತಾಗಿ ಹತ್ತಾರು ಗೆರೆಗಳನ್ನು ಬೋರ್ಡು ಬಿಚ್ಚದೆಯೇ ನೋಡಬಹುದು.

ಬಿಸಿಲಿನ ರೋಹಿತದಲ್ಲಿ ಅಖಂಡ ಪಟ್ಟಿಯ ಮೇಲೆ ಕಪ್ಪು ಗೆರೆಗಳಿರುತ್ತವೆ. ಸೂರ್ಯನ ಹೊರಪದರದ ಅನಿಲಗಳು ತಮ್ಮ ತಮ್ಮ ತರಂಗದೂರದ ಬೆಳಕನ್ನು ಹೀರಿಕೊಂಡ ಗುರುತುಗಳು ಅವು. ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ 1814ರಲ್ಲಿ ಇಂಥ ಐನೂರಕ್ಕೂ ಹೆಚ್ಚು ಗೆರೆಗಳ ನಕ್ಷೆ ಮಾಡಿದರು. ನಮ್ಮ ಡಬ್ಬಿಯಲ್ಲಿ 486ರ ಹೈಡ್ರೋಜನ್, 517ರ ಮೆಗ್ನೀಸಿಯಂ, 589ರ ಸೋಡಿಯಂ ಗೆರೆಗಳು ಸಿಕ್ಕರೆ ಸೀಳುಕಂಡಿ ಸರಿಯಾಗಿದೆ ಎಂದರ್ಥ. 687ರ ಕಪ್ಪು ಪಟ್ಟೆ ಸೂರ್ಯನದಲ್ಲ, ನಾವು ಉಸಿರಾಡುವ ಗಾಳಿಯ ಆಮ್ಲಜನಕದ್ದು.

ಉಪ್ಪಿನ ಗೆರೆಯನ್ನು ಅಳೆಯುವುದು

ಫೋಟೋದಿಂದ ತರಂಗದೂರ ತಿಳಿಯಲು ಗೊತ್ತಿರುವ ಗೆರೆಗಳ ನೆರವು ಬೇಕು. ಡಬ್ಬಿ ಮತ್ತು ಫೋನನ್ನು ಒಂದು ಸ್ಟೂಲಿಗೆ ಬಿಗಿದು ಒಲೆಯಿಂದ ಒಂದು ಮೀಟರ್ ದೂರ ಇಟ್ಟೆ. ಮೊದಲು ಸಿಎಫ್‌ಎಲ್ ಹಿಡಿದು ಒಂದು ಫೋಟೋ. ನಂತರ ಏನನ್ನೂ ಅಲುಗಿಸದೆ, ಅಡಿಗೆಮನೆಯ ದೀಪ ಆರಿಸಿ, ಉಪ್ಪುನೀರಿನಲ್ಲಿ ಅದ್ದಿದ ಹಳೆಯ ಸ್ಟೀಲ್ ಚಮಚವನ್ನು ಗ್ಯಾಸಿನ ನೀಲಿ ಉರಿಯ ಅಂಚಿಗೆ ಹಿಡಿದಾಗ ಉರಿ ಹಳದಿಗೆ ತಿರುಗಿತು, ಇನ್ನೊಂದು ಫೋಟೋ. ಅದರಲ್ಲಿ ಇದ್ದುದು ಒಂದೇ ಒಂದು ಗೆರೆ.

ಚಿತ್ರ ತಿದ್ದುವ ಯಾವುದೇ ತಂತ್ರಾಂಶದಲ್ಲಿ ಫೋಟೋ ತೆರೆದು ಗೆರೆಯ ಮೇಲೆ ಬೆರಳಿಟ್ಟರೆ ಎಡ ಅಂಚಿನಿಂದ ಅದು ಎಷ್ಟನೇ ಪಿಕ್ಸೆಲ್ ಎಂಬುದು ತಿಳಿಯುತ್ತದೆ. ಪಾದರಸದ ನೀಲಿ 812ರಲ್ಲಿತ್ತು, ಹಸಿರು 1364ರಲ್ಲಿ. ಸಿಎಫ್‌ಎಲ್‌ನಲ್ಲಿ ಹಸಿರು ಗೆರೆಗೆ ಅಂಟಿಕೊಂಡಂತೆ 542ರ ಬಳಿ ಟರ್ಬಿಯಂ ಧಾತುವಿನ ಗೆರೆಯೂ ಇರುವುದರಿಂದ, ಜೋಡಿಯಲ್ಲಿ ಕೆಂಪಿನ ಕಡೆಗಿರುವುದನ್ನೇ ತೆಗೆದುಕೊಳ್ಳಬೇಕು. 552 ಪಿಕ್ಸೆಲ್ಲಿಗೆ 110.3 ನ್ಯಾನೋಮೀಟರ್, ಅಂದರೆ ಒಂದು ಪಿಕ್ಸೆಲ್ಲಿಗೆ 0.2. ಉಪ್ಪಿನ ಗೆರೆ 1591ರಲ್ಲಿತ್ತು, ಹಸಿರಿನಿಂದ 227 ಪಿಕ್ಸೆಲ್ ಆಚೆ. ಗುಣಿಸಿ ಕೂಡಿದರೆ 591.5 ಬಂತು. ಉಪ್ಪಿನಲ್ಲಿರುವ ಸೋಡಿಯಂನ ನಿಜವಾದ ಸ್ಥಾನ 589.0 ಮತ್ತು 589.6ರ ಜೋಡಿ ಗೆರೆ, ಸರಾಸರಿ 589.3. ಎರಡು ನ್ಯಾನೋಮೀಟರಿಗೂ ಮಿಕ್ಕಿದ ತಪ್ಪು.

ತಪ್ಪು ಎಲ್ಲಿಯದೆಂದು ತಿಳಿಯಲು ಯುರೋಪಿಯಂನ ಕೆಂಪು ಗೆರೆಯನ್ನು ಇದೇ ಲೆಕ್ಕದಲ್ಲಿ ಪರೀಕ್ಷಿಸಿದೆ. ಅದು 1712ನೇ ಪಿಕ್ಸೆಲ್ಲಿನಲ್ಲಿದ್ದು 615.6 ಎಂದು ತೋರಿಸಿತು, ಇರಬೇಕಾದದ್ದಕ್ಕಿಂತ ನಾಲ್ಕು ಹೆಚ್ಚು. ಅಂದರೆ ಪಿಕ್ಸೆಲ್ ಮತ್ತು ತರಂಗದೂರ ಉದ್ದಕ್ಕೂ ಒಂದೇ ಹದದಲ್ಲಿ ಸಾಗುವುದಿಲ್ಲ. ಕೋನ ಹೆಚ್ಚಿದಂತೆ ಹದ ಬದಲಾಗುತ್ತದೆ. ಪರಿಹಾರ ಸರಳ: ತಿಳಿಯಬೇಕಾದ ಗೆರೆಯ ಎರಡೂ ಮಗ್ಗುಲಿಗೆ ಗೊತ್ತಿರುವ ಗೆರೆಗಳಿರುವಂತೆ ನೋಡಿಕೊಳ್ಳುವುದು. ಹಸಿರು ಮತ್ತು ಕೆಂಪಿನ ನಡುವೆ 348 ಪಿಕ್ಸೆಲ್ಲಿಗೆ 65.5 ನ್ಯಾನೋಮೀಟರ್, ಪಿಕ್ಸೆಲ್ಲಿಗೆ 0.188. ಈಗ ಉಪ್ಪಿನ ಗೆರೆ 588.8. ಅರ್ಧ ನ್ಯಾನೋಮೀಟರ್ ತಪ್ಪು, ಚಪ್ಪಲಿ ಡಬ್ಬಿಯ ಮಟ್ಟಿಗೆ ಇದು ಕಡಿಮೆ ಸಾಧನೆಯಲ್ಲ.

ಜಮಖಂಡಿಯ ಕಿತ್ತಳೆ ಗೆರೆ

ಇಷ್ಟು ಸಣ್ಣ ಅಂತರಗಳಿಗೆ ತಲೆ ಕೆಡಿಸಿಕೊಳ್ಳುವುದು ಏಕೆ ಎನ್ನುವವರಿಗೆ ನಮ್ಮ ನೆಲದಲ್ಲಿಯೇ ಒಂದು ಉದಾಹರಣೆ ಇದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಈಗಿನ ಉತ್ತರ ಕರ್ನಾಟಕದ ಮೇಲೆ ಹಾದು ಹೋಯಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದರೆ, ಇತ್ತ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಖಗೋಳಜ್ಞ ಸರ್ ಜಾನ್ ಹರ್ಷೆಲರ ಮಗ, ಸೇನಾ ಇಂಜಿನಿಯರ್ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮಳೆಗಾಲದ ಮೋಡಗಳ ನಡುವೆ ಅದನ್ನೇ ಮಾಡುತ್ತಿದ್ದರು. ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ರೋಹಿತದಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಹೊಳೆಯುವ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೇ ಎಂದು ಆಗ ಅನ್ನಿಸಿತ್ತು, ಏಕೆಂದರೆ ಅದು ಸರಿಸುಮಾರು ಅದೇ ಜಾಗದಲ್ಲಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳಜ್ಞ ಲಾಕ್ಯರ್ ಗ್ರಹಣವಿಲ್ಲದ ದಿನವೇ ಆ ಗೆರೆಯನ್ನು ಅಳೆದು, ಅದು ಸೋಡಿಯಂನ ಸ್ಥಾನಕ್ಕೆ ಕೂಡುವುದಿಲ್ಲವೆಂದು ಕಂಡುಕೊಂಡರು. ಅದರ ಸ್ಥಾನ 587.6. ಭೂಮಿಯ ಮೇಲೆ ಅದುವರೆಗೆ ಯಾರಿಗೂ ಸಿಗದಿದ್ದ ಆ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ರಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಅದನ್ನು ಹೊರತೆಗೆದರು.

587.6ಕ್ಕೂ 589.3ಕ್ಕೂ ಅಂತರ 1.7 ನ್ಯಾನೋಮೀಟರ್, ನನ್ನ ಫೋಟೋದ ಹದದಲ್ಲಿ ಒಂಬತ್ತು ಪಿಕ್ಸೆಲ್. ಬ್ಲೇಡುಗಳ ನಡುವೆ ಅರ್ಧ ಮಿಲಿಮೀಟರ್ ಬಿಟ್ಟು ಕಟ್ಟಿದ್ದ ಮೊದಲ ಡಬ್ಬಿಯಲ್ಲಿ ಉಪ್ಪಿನ ಗೆರೆಯೊಂದೇ ಏಳು ಪಿಕ್ಸೆಲ್ ಅಗಲವಾಗಿತ್ತು. ಅದನ್ನು ಹಿಡಿದು ಜಮಖಂಡಿಯಲ್ಲಿ ನಿಂತಿದ್ದರೆ ನಾನೂ ಅದನ್ನು ಸೋಡಿಯಂ ಎಂದೇ ಬರೆದುಕೊಳ್ಳುತ್ತಿದ್ದೆ.